ಸುಣ್ಣದ ಪಟ್ಟಿಯ ತೆಂಗಿನಮರ

ಉದಯಕುಮಾರನ ಕಾರು ಉತ್ತ ಮಣ್ಣಿನಲ್ಲಿ ಬುಡಮೇಲಾಗಿ ಬಿದ್ದಿತ್ತು. ಕಣಕಟ್ಟೆ ಬಳಿಯ ಮಣ್ಣಿನ ರೇಸ್ ಟ್ರ್ಯಾಕಿನ ಕೊನೆಯ ತಿರುವು. ಪಕ್ಕದ್ದು ಅವನಪ್ಪ ಕಲ್ಲೇಶಪ್ಪನವರದೇ ತೆಂಗಿನ ತೋಟ. ಹುಡುಗ ಅಲ್ಲೇ ಪ್ರಾಣ ಬಿಟ್ಟಿದ್ದ.

ಹಿಂದೆ ಬರುತ್ತಿದ್ದವನು ಹೇಮಂತ್. ಇಬ್ಬರಿಗೂ ಹಳೇ ಜಿದ್ದು. ಇನ್ನೇನು ಬೇಕು? ಹೇಮಂತನೇ ಗುದ್ದಿ ಕೊಂದ ಎಂದು ಜನ ತೀರ್ಪು ಕೊಟ್ಟೇಬಿಟ್ಟರು. ನಮ್ಮ ಜನಕ್ಕೆ ಕೋರ್ಟು ಯಾಕೆ ಹೇಳಿ.

ಎಸ್‌ಐ ದಿವ್ಯಾ ಎರಡೂ ಕಾರು ಪರೀಕ್ಷಿಸಿದರು. ಗುದ್ದಿದ ಗುರುತಿಲ್ಲ. ಬ್ರೇಕೂ ಸರಿಯಿತ್ತು.

"ಮತ್ಯಾಕೆ ಅವನ ಕಾರು ತಿರುಗಲಿಲ್ಲ?" ಹೇಮಂತನನ್ನು ಕೇಳಿದರು.

"ಗೊತ್ತಿಲ್ಲ ಮೇಡಂ. ಅವನು ಒಂದು ಮರಕ್ಕೆ ಸುಣ್ಣ ಬಳ್ಕೊಂಡಿದ್ದ. ಅಲ್ಲಿಗೆ ಬಂದ ತಕ್ಷಣ ಬ್ರೇಕ್ ಹಾಕ್ತಿದ್ದ. ನಾನು ಕಾಲುವೆ ಕಲ್ಲು ನೋಡಿ ಹಾಕ್ತೀನಿ." ಹೇಮಂತ್ ಒಂದು ಹೆಜ್ಜೆ ಮುಂದೆ ಬಂದ. "ನನ್ನನ್ನ ಜೈಲಿಗೆ ಹಾಕ್ತೀರಾ?"

"ಮೊದ್ಲು ಕಾರು ತೆಗೀರಿ. ನಾನೂ ಕೂತ್ಕೋತೀನಿ."

* * *

ಕಾರು ನೂರು ದಾಟಿತು. ಹಲ್ಲಿಗೆ ಹಲ್ಲು ಬಡಿಯಿತು. ಕೆಂಪು ಧೂಳಿನಾಚೆ ತೋಟದ ಮರಗಳೆಲ್ಲ ಸೇರಿ ಒಂದೇ ಗೋಡೆ. ಎಣಿಸಲು ಪುರುಸೊತ್ತೆಲ್ಲಿ? ಕಣ್ಣಿಗೆ ಹೊಡೆಯುವುದು ಬಿಳಿ ಪಟ್ಟಿ ಮಾತ್ರ. ಅದಿನ್ನೂ ಮುಂದಿರುವಾಗಲೇ, ಕಾಲುವೆ ಕಲ್ಲು ನೋಡಿ ಹೇಮಂತ್ ಬ್ರೇಕ್ ಒತ್ತಿದ. ಆದರೂ ಕಾರು ತಿರುವಿನ ಅಂಚಿನವರೆಗೆ ಜಾರಿತು.

ದಿವ್ಯಾ ಇಳಿದು ಹಿಂದಕ್ಕೆ ನಡೆದರು. ಕಾಲುವೆ ಕಲ್ಲಿನ ಹತ್ತಿರದ ಮರದಲ್ಲಿ ಸುಣ್ಣ ಕೆರೆದ ಹಸಿ ಗುರುತು. ಅದೂ ಟ್ರ್ಯಾಕಿನ ಕಡೆಗಷ್ಟೇ. ಮುಂದಿನ ಮರದ ಹೊಸ ಪಟ್ಟಿಯೋ, ಕಾಂಡದ ಸುತ್ತಲೂ ಇತ್ತು. ಮೇಲೆ ಕೆಳಗೆ ಕೆಮ್ಮಣ್ಣಿನ ಅಂಚು ಬೇರೆ. ಡ್ರೈವರಿಗೆ ಕಾಣದ ಬದಿಗೆ ಸುಣ್ಣ ದಂಡ ಮಾಡುವವರು ಯಾರು?

* * *

ಕಲ್ಲೇಶಪ್ಪನವರ ಅಂಗಳದ ತೆಂಗಿಗೂ ಅದೇ ಸುಣ್ಣ, ಅದೇ ಕೆಮ್ಮಣ್ಣು.

"ಯಜಮಾನ್ರೇ, ಪಟ್ಟಿ ಬದಲಾಯಿಸಿದ್ದು ನೀವೇ," ಎಂದರು ದಿವ್ಯಾ. "ಗುರುತು ಮುಂದಕ್ಕೆ ಹೋಯ್ತು, ಬ್ರೇಕ್ ತಡವಾಯ್ತು. ರೇಸಿನವರಾಗಿದ್ರೆ ಒಂದೇ ಕಡೆ ಬಳೀತಿದ್ರು. ನಿಮ್ಮ ಕೈ ಅಭ್ಯಾಸ ಬಿಡಲಿಲ್ಲ."

ಕಲ್ಲೇಶಪ್ಪ ಜಗಲಿಯ ಮೇಲೆ ಕೂತರು.

"ಬ್ಯಾಡ ಕಣ್ಲಾ ಅಂದ್ರೆ ಕೇಳ್ತಿರ್ಲಿಲ್ಲ ಕಣವ್ವ. ಒಂದ್ಸಲ ಸೋತ್ರೆ ಬುಡ್ತಾನೆ ಅನ್ಕಂಡೆ. ತಿರುವಿನಾಚೆ ನಾನೇ ಉತ್ತಿದ್ದೆ. ಗಾಡಿ ಮೆತ್ಗಿನ ಮಣ್ಣಿಗಿಳ್ದು ನಿಂತ್ಕಂತೈತೆ ಅಂತ."

ಎತ್ತಿನ ಗಾಡಿಯಾಗಿದ್ದರೆ ನಿಲ್ಲುತ್ತಿತ್ತು. ಆ ವೇಗದ ಕಾರಿನ ಚಕ್ರ ಹೂತು, ಕಾರು ಪಲ್ಟಿ ಹೊಡೆದಿತ್ತು. ದಿವ್ಯಾಗೆ ಕೋಪವೂ ಬಂತು, ಅಳುವೂ ಬಂತು.

ಹೊರಗೆ ನಿಂತಿದ್ದ ಹೇಮಂತನನ್ನು ಜನ ಬೈಯುತ್ತಿದ್ದರು. ಕಲ್ಲೇಶಪ್ಪ ಎದ್ದು ಬಂದು, ಮಾಡಿದ್ದನ್ನೆಲ್ಲ ಅವರೆದುರು ಹೇಳಿದರು. ಆಮೇಲೆ ಹೇಮಂತನ ಮುಂದೆ ಕೈ ಮುಗಿದರು.

"ಮಗನ ಚಟ್ಟಕ್ಕೆ ನೀನು ಹೆಗಲು ಕೊಡಪ್ಪ. ನಾನು ಮುಟ್ಬಾರ್ದು."