ಸಾಣಾಪುರದ ಬಾಲ್ಕನಿ

ಬೆಳಗಿನ ಏಳು ಗಂಟೆಗೆ ಸಾಣಾಪುರ ಕೆರೆಯ ದಾರಿಯಲ್ಲಿ ಕಟ್ಟುತ್ತಿದ್ದ ಹೋಂಸ್ಟೇ ಒಂದರ ಬಾಲ್ಕನಿ ಕುಸಿಯಿತು. ಕೆಳಗೆ ಗಿಡಗಳಿಗೆ ನೀರು ಬಿಡುತ್ತಿದ್ದ ಮಾಲಿ ಕನಕಪ್ಪ ಸಿಕ್ಕಿಕೊಂಡ. ಮಾಲೀಕ ಗುರುಬಸವ ಓಡಿ ಬರುವಷ್ಟರಲ್ಲಿ ಜೀವ ಹೋಗಿತ್ತು. ಸಂಜೆಯೊಳಗೆ ಗುತ್ತಿಗೆದಾರ ಶಬ್ಬೀರನನ್ನು ಪೊಲೀಸರು ಕರೆದೊಯ್ದರು.

ಮೂರನೆಯ ದಿನ ಕೊಪ್ಪಳದಿಂದ ಅಮೃತಾ ಬಂದಳು. ವಿಮಾ ಕಂಪನಿಗಳ ಪರವಾಗಿ ಅಪಘಾತಗಳ ತನಿಖೆ ಮಾಡುವ ಸರ್ವೇಯರ್ ಅವಳು. ಶಬ್ಬೀರ ಹೊಣೆಗಾರಿಕೆ ವಿಮೆ ಮಾಡಿಸಿದ್ದ. ಅವನ ಕೆಲಸದ ತಪ್ಪಿನಿಂದ ಇನ್ನೊಬ್ಬರಿಗೆ ಹಾನಿಯಾದರೆ ಕಂಪನಿ ಪರಿಹಾರ ಕೊಡಬೇಕು. ಬೇಕೆಂದೇ ಮಾಡಿದ ಮೋಸವಾದರೆ ಕೊಡಬೇಕಿಲ್ಲ. ಎರಡರಲ್ಲಿ ಇದು ಯಾವುದು ಎಂದು ಅವಳು ಹೇಳಬೇಕಿತ್ತು.

ಗುರುಬಸವನಿಗೆ ಅನುಮಾನವೇ ಇರಲಿಲ್ಲ. ಶಬ್ಬೀರ ಸಿಮೆಂಟು ಉಳಿಸಿದ್ದಾನೆ ಎಂದ. ಕಾಂಕ್ರೀಟಿಗೆ ನೀರು ಎಲ್ಲಿಂದ ತಂದಿರಿ ಎಂದು ಅಮೃತಾ ಕೇಳಿದಳು. ಮೊದಮೊದಲು ಟ್ಯಾಂಕರ್ ತರಿಸುತ್ತಿದ್ದೆ, ಸಾಕಾಗಿ ಏಪ್ರಿಲ್‌ನಲ್ಲಿ ಈಶಾನ್ಯ ಮೂಲೆಯಲ್ಲಿ ಬೋರ್ ಹಾಕಿಸಿದೆ ಎಂದ.

ಅವಳು ಕಾಂಕ್ರೀಟಿನ ತುಂಡುಗಳನ್ನು ಪರೀಕ್ಷೆಗೆ ಕಳಿಸಿದಳು. ವಾರದ ಮೇಲೆ ವರದಿ ಬಂತು. ಸಿಮೆಂಟು ಸರಿಯಾಗಿಯೇ ಇತ್ತು.

ತಪ್ಪು ಇದ್ದದ್ದು ಒಳಗಿನ ಕಬ್ಬಿಣದ ಸರಳುಗಳಲ್ಲಿ. ಗೋಡೆಯಿಂದ ಹೊರಚಾಚಿದ ಬಾಲ್ಕನಿಯಲ್ಲಿ ಭಾರದ ಎಳೆತ ಬೀಳುವುದು ಮೇಲ್ಭಾಗದಲ್ಲಿ. ಮುಖ್ಯ ಸರಳುಗಳು ಅಲ್ಲೇ ಇರಬೇಕು. ಇಲ್ಲಿ ಅವು ಕೆಳಗಿದ್ದವು.

\* \* \*

ಗಂಗಾವತಿಯ ಠಾಣೆಯಲ್ಲಿ ಪಿಎಸ್‌ಐ ಈಶಪ್ಪ ಕಡತ ತೆರೆದು ನಕ್ಷೆ ತೋರಿಸಿದರು. ಎಂಜಿನಿಯರ್ ಸಿದ್ದಲಿಂಗೇಶ ಬರೆದದ್ದು. ಜನವರಿ ಹನ್ನೆರಡರ ತಾರೀಖು. ಸರಳುಗಳು ಮೇಲೆಯೇ ಇದ್ದವು. ಗುತ್ತಿಗೆದಾರ ನಕ್ಷೆ ಮೀರಿದ್ದಾನೆ, ಇನ್ನೇನು ಬೇಕು ಎಂಬುದು ಈಶಪ್ಪನವರ ಮಾತು.

ಪೊಲೀಸ್ ಕಸ್ಟಡಿಯಲ್ಲಿದ್ದ ಶಬ್ಬೀರನನ್ನು ಅಮೃತಾ ಕಂಡಳು. ಹತ್ತು ದಿನದ ಗಡ್ಡ, ಬಾಡಿದ ಮುಖ.

"ನಾ ಎಂಜಿನಿಯರ್ ಸಾಹೇಬ್ರನ್ನ ಕೇಳಿದ್ನಿರಿ ಮೇಡಂ, ಸರಳು ಮ್ಯಾಲ ಬರಬೇಕಲ್ರಿ ಅಂತ. ನಕ್ಷೆದಾಗ ಇದ್ದಂಗ ಮಾಡು ಅಂದ್ರು. ನನಗಿಂತ ಓದಿದವರು ಅಂತ ಸುಮ್ಕಾದೆ."

"ನಿಮ್ಮ ಕಡಿ ಇದ್ದ ನಕ್ಷೆ ಎಲ್ಲೈತಿ?"

"ಬಿದ್ದ ದಿನ ಮಧ್ಯಾಹ್ನ ಸಿದ್ದಲಿಂಗೇಶ ಸಾಹೇಬ್ರು ಇಸ್ಕೊಂಡ್ರು. ಠಾಣೆಗೆ ಕೊಡ್ತೀನಿ ಅಂದ್ರು."

ಅಮೃತಾ ಕಡತದ ನಕ್ಷೆಯನ್ನು ಮತ್ತೆ ಕೈಗೆತ್ತಿಕೊಂಡಳು. ನಾಲ್ಕು ತಿಂಗಳು ಕೆಲಸದ ಜಾಗದಲ್ಲಿ ಓಡಾಡಿದ ಕಾಗದದ ಮೇಲೆ ಸಿಮೆಂಟಿನ ಒಂದು ಹನಿಯೂ ಇರಲಿಲ್ಲ. ಮಡಿಕೆಗಳು ಹೊಸದಾಗಿದ್ದವು. ಅವಳ ಕಣ್ಣು ನಿಧಾನಕ್ಕೆ ಮೇಲಿನ ಮೂಲೆಗೆ ಹೋಯಿತು. ಅಲ್ಲಿ ಒಂದು ಪುಟ್ಟ ವೃತ್ತ. ಪಕ್ಕದಲ್ಲಿ 'ಬೋರ್‌ವೆಲ್' ಎಂದು ಬರೆದಿತ್ತು.

\* \* \*

ದೊಡ್ಡ ನಕ್ಷೆಗಳನ್ನು ಮುದ್ರಿಸುವ ಝೆರಾಕ್ಸ್ ಅಂಗಡಿ ರಫೀಯದು. ಸಿದ್ದಲಿಂಗೇಶನ ಕೆಲಸವೆಲ್ಲ ಅಲ್ಲಿಗೇ ಬರುತ್ತಿತ್ತು. ಈಶಪ್ಪ ಜೊತೆಗೆ ಬಂದದ್ದರಿಂದ ರಫೀ ಕಂಪ್ಯೂಟರಿನ ಇಮೇಲ್ ತೆರೆದ. ಆ ಹೋಂಸ್ಟೇ ಹೆಸರಿನ ಬಾಲ್ಕನಿ ನಕ್ಷೆ ಎರಡು ಸಲ ಬಂದಿತ್ತು. ಒಂದು ಜನವರಿಯಲ್ಲಿ, ಅದರಲ್ಲಿ ಸರಳು ಕೆಳಗಿತ್ತು, ಬೋರ್‌ವೆಲ್ ಇರಲಿಲ್ಲ. ಇನ್ನೊಂದು ಕನಕಪ್ಪ ಸತ್ತ ದಿನ, ಮಧ್ಯಾಹ್ನ ಮೂರಕ್ಕೆ.

\* \* \*

ತನ್ನ ಕಚೇರಿಗೆ ಬಂದ ಈಶಪ್ಪ, ಅಮೃತಾರ ಎದುರು ಸಿದ್ದಲಿಂಗೇಶ ಮೊದಲು ನಿರಾಕರಿಸಿದ. ಅಮೃತಾ ಎರಡೂ ಪ್ರತಿಗಳನ್ನು ಮೇಜಿನ ಮೇಲೆ ಹರಡಿದಳು. ಏಪ್ರಿಲ್‌ನಲ್ಲಿ ಕೊರೆದ ಬೋರ್ ಜನವರಿಯ ನಕ್ಷೆಯೊಳಗೆ ಹೇಗೆ ಬಂತು ಎಂದಷ್ಟೇ ಕೇಳಿದಳು. ನೀರಿನ ಪೈಪಿಗೆಂದು ಆಮೇಲೆ ಬೋರ್ ಗುರುತಿಸಿಕೊಂಡಿದ್ದ ಕಂಪ್ಯೂಟರ್ ಕಡತದಲ್ಲೇ ಅವನು ಗಡಿಬಿಡಿಯಲ್ಲಿ ಸರಳುಗಳನ್ನು ತಿದ್ದಿದ್ದ. ಹಳೆಯ ತಾರೀಖನ್ನು ಹಾಗೇ ಬಿಟ್ಟಿದ್ದ. ಶಬ್ಬೀರನ ಪ್ರತಿಯನ್ನು ಸುಟ್ಟು, ಹೊಸದನ್ನು ಠಾಣೆಗೆ ಕೊಟ್ಟಿದ್ದ.

ಕೊನೆಗೆ ಅವನು ಒಪ್ಪಿಕೊಂಡ. ಹದಿನೆಂಟು ವರ್ಷದ ಹೆಸರು, ಒಂದು ಗೆರೆಯ ತಪ್ಪಿನಿಂದ ಹೋಗುತ್ತದೆ ಎಂದು ಹೆದರಿದೆ ಎಂದ.

"ನಿಮಗೂ ಪಾಲಿಸಿ ಇತ್ತಲ್ರಿ," ಎಂದಳು ಅಮೃತಾ. ಎಂಜಿನಿಯರುಗಳು ಮಾಡಿಸುವ ವೃತ್ತಿ ಹೊಣೆಗಾರಿಕೆ ವಿಮೆಯ ಪ್ರತಿಯನ್ನು ಅವಳು ಗುರುಬಸವನ ಬಳಿ ನೋಡಿದ್ದಳು. ಅದು ಇನ್ನೂ ಜಾರಿಯಲ್ಲಿತ್ತು.

"ಅದು ಇಂಥಾದ್ದಕ್ಕ ಕೊಡ್ತಿತ್ತೇನ್ರಿ?"

"ಲೆಕ್ಕ ತಪ್ಪಿದ್ದಕ್ಕ ಕೊಡ್ತಿತ್ರಿ. ಅದು ಇರೋದ ಅದಕ್ಕ. ನಕ್ಷೆ ತಿದ್ದಿ ಇನ್ನೊಬ್ಬರ ತಲಿ ಮ್ಯಾಲ ಹಾಕಿದ್ದಕ್ಕ ಕೊಡಂಗಿಲ್ಲ."

ಸಾವಿನ ಮೊಕದ್ದಮೆ ಹೇಗೂ ತಪ್ಪುತ್ತಿರಲಿಲ್ಲ. ಆದರೆ ಪರಿಹಾರದ ಹೊರೆಯನ್ನು ಹೊರಲು ವಿಮೆ ಇತ್ತು. ಅದನ್ನು ಅವನೇ ದೂರ ಮಾಡಿಕೊಂಡಿದ್ದ. ಈಶಪ್ಪ ಎದ್ದು ನಿಂತರು.

\* \* \*

ಹಿಟ್ನಾಳದಲ್ಲಿ ಕನಕಪ್ಪನ ಹೆಂಡತಿ ವಿರೂಪಾಕ್ಷಮ್ಮ ಬಾಗಿಲಲ್ಲೇ ಕೂತಿದ್ದಳು. ಬಿಡುಗಡೆಯಾದ ಶಬ್ಬೀರನೂ ಅಮೃತಾಳ ಜೊತೆ ಕಾರಿನಲ್ಲಿ ಬಂದಿದ್ದ. ಆದರೆ ಕೆಳಗಿಳಿದವನು ರಸ್ತೆಯ ಆಚೆಗೇ ನಿಂತ. ತಾನು ಅವತ್ತು ಸರಳು ಕಟ್ಟದೆ ಹಟ ಹಿಡಿದಿದ್ದರೆ ಆ ಮನುಷ್ಯ ಉಳಿಯುತ್ತಿದ್ದ ಎಂದು ದಾರಿಯುದ್ದಕ್ಕೂ ಹೇಳಿದ್ದ.

"ರೊಕ್ಕದ ಮಾತಾಡಾಕ ಬಂದ್ರೇನವಾ?" ಎಂದಳು ವಿರೂಪಾಕ್ಷಮ್ಮ.

"ಇಲ್ರಿ ಅಮ್ಮಾ. ಯಾರ ತಪ್ಪಂತ ಹೇಳಾಕ ಬಂದೀನಿ."

ಅಮೃತಾ ಎಲ್ಲವನ್ನೂ ಹೇಳಿದಳು. ನಕ್ಷೆ, ಬೋರು, ಸುಟ್ಟ ಕಾಗದ. ಶಬ್ಬೀರ ಕೇಳಿದ್ದು, ಆಮೇಲೆ ಸುಮ್ಮನಾದದ್ದು. ಯಾವುದನ್ನೂ ಬಿಡಲಿಲ್ಲ.

ವಿರೂಪಾಕ್ಷಮ್ಮ ರಸ್ತೆಯ ಆಚೆ ನಿಂತವನ ಕಡೆಗೆ ನೋಡಿದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡಳು.

"ಬಿಸಲಾಗ ನಿಂತಾನ. ಒಳಗ ಬಾ ಅನ್ರಿ."