ಬಾಡಿಗೆ ಬಂಧು

ಬೆಂದ ಬಿದಿರಿನ ವಾಸನೆ...

ಚಿಕ್ಕಂದಿನಲ್ಲಿ ಅಪ್ಪನ ಅಂಗಿಯಿಂದ ಬರುತ್ತಿದ್ದ ವಾಸನೆ ಅದು. ಅಪ್ಪ ಪೇಪರ್ ಮಿಲ್ಲಿನಲ್ಲಿದ್ದರು. ಶಿಫ್ಟ್ ಮುಗಿಸಿ ಬಂದು ನನ್ನನ್ನು ಎತ್ತಿಕೊಂಡರೆ ಆ ಘಾಟು ಮೂಗಿಗೆ ಅಡರುತ್ತಿತ್ತು. ಬೇರೆ ಮಕ್ಕಳು ಮೂಗು ಮುಚ್ಚಿಕೊಳ್ಳುತ್ತಿದ್ದರು. ನಾನು ಮಾತ್ರ ಅಪ್ಪನ ಹೆಗಲಿಗೆ ಮುಖ ಒತ್ತಿ ಇನ್ನಷ್ಟು ಎಳೆದುಕೊಳ್ಳುತ್ತಿದ್ದೆ.

ಈಗ ಅದೇ ವಾಸನೆ. ಆದರೆ ನನ್ನ ತಲೆಯ ಮೇಲೆ ಗೋಣಿಚೀಲ ಕವುಚಿತ್ತು!

ಕೈಗಳನ್ನು ಹಿಂದಕ್ಕೆ ಬಿಗಿದಿದ್ದರು. ಬೆನ್ನಿನ ಹಿಂದೆ ರದ್ದಿ ಕಾಗದದ ಕಟ್ಟುಗಳು. ಪರವಾಗಿಲ್ಲ, ಎಲ್ಲಿದ್ದೇನೆ ಎಂದು ಗೊತ್ತಾಯಿತು. ಭದ್ರಾವತಿ. ಪೇಪರ್ ಟೌನ್ ಕಡೆ ಯಾವುದೋ ಗೋಡೌನು.

"ಪುಷ್ಪಕ್ಕಾ... ಪೊಲೀಸ್ ಕೆಲಸ ಬಿಟ್ಟು ಎಷ್ಟು ವರ್ಷ ಆಯ್ತು? ಇನ್ನೂ ಊರ ಉಸಾಬರಿ ಬಿಟ್ಟಿಲ್ವಲ್ಲ ಮಾರಾಯ್ತಿ!"

ದನಿ ಹುಲಿಯಪ್ಪನದು.

"ಚೀಲ ತೆಗಿ. ಮುಖ ನೋಡಿ ಮಾತಾಡು."

"ನನ್ನ ಮುಖದಲ್ಲಿ ಏನಿದೆ?"

"ಏನೂ ಇಲ್ಲ. ಅದಕ್ಕೇ ಹೇಳಿದ್ದು!"

ಕೆನ್ನೆಗೆ ಒಂದು ಬಿತ್ತು. ಚೀಲ ಜಾರಿತು. ಎದುರಿಗೆ ಹುಲಿಯಪ್ಪ... ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಪಾನ್.

ಯಾರಿವನು ಅಂತೀರಾ? ರಕ್ತದ ಬ್ರೋಕರ್. ತೊಂಬತ್ತೆಂಟರ ಮಾತು ನಾನು ಹೇಳುತ್ತಿರುವುದು. ರಕ್ತ ಮಾರುವುದಕ್ಕೆ ಆ ವರ್ಷವೇ ಕಾನೂನು ಅಡ್ಡ ಬಂದಿತ್ತು. ಹುಲಿಯಪ್ಪನ ವ್ಯಾಪಾರ ನಿಂತಿತೇ? ಇಲ್ಲ! ಬ್ಲಡ್ ಬ್ಯಾಂಕಿನವರು ರೋಗಿಯ ಸಂಬಂಧಿಕರನ್ನು ಕರೆತನ್ನಿ ಎನ್ನುತ್ತಿದ್ದರು. ಇವನು ಸಂಬಂಧಿಕರನ್ನೇ ಬಾಡಿಗೆಗೆ ಕೊಡತೊಡಗಿದ. ಅಷ್ಟೇ ವ್ಯತ್ಯಾಸ.

"ಆರಿಫ್ ಎಲ್ಲಿ?" ಎಂದೆ.

"ಇಲ್ಲೇ ಇದಾನೆ. ದಾವಣಗೆರೆ ಪಾರ್ಟಿಗೆ ಮಾತು ಕೊಟ್ಟಾಗಿದೆ. ಊಟ ಮುಗಿಸಿ ಹೊರಡೋದು. ಅಲ್ಲೀತನಕ ಇಬ್ರೂ ಕಷ್ಟಸುಖ ಮಾತಾಡ್ಕೊಳಿ."

ಬಾಗಿಲು ಮುಚ್ಚಿತು. ಚಿಲಕ ಬಿತ್ತು.

ನಾನು ಇದರಲ್ಲಿ ಸಿಕ್ಕಿಬಿದ್ದದ್ದು ಹೀಗೆ. ಕಳೆದುಹೋದವರನ್ನು ಹುಡುಕಿಕೊಡುವುದು ನನ್ನ ಕಸುಬು. ಬೆಳಿಗ್ಗೆ ಶಿವಮೊಗ್ಗದ ರವೀಂದ್ರನಗರದ ನನ್ನ ಮನೆಗೆ ಉಮಾಮಹೇಶ್ವರಮ್ಮ ಬಂದಿದ್ದರು. ವಿದ್ಯಾನಗರದ ರೈಸ್ ಮಿಲ್ ಶಿವಯೋಗಪ್ಪನವರ ಹೆಂಡತಿ. ಹಿರಿಸೊಸೆ ಶಾಂಭವಿಗೆ ಹಿಂದಿನ ದಿನ ಹೆರಿಗೆ. ಮಗು ಚೆನ್ನಾಗಿದೆ. ತಾಯಿಗೆ ರಕ್ತ ನಿಲ್ಲುತ್ತಿಲ್ಲ. ಅಪರೂಪದ ಗ್ರೂಪು, ಓ ನೆಗೆಟಿವ್. ತವರಿನವರದು ಹೊಂದಲಿಲ್ಲ. ಗಂಡ ಸೂರತ್ತಿನಲ್ಲಿ ಕೆಲಸದಲ್ಲಿದ್ದವನು ರೈಲು ಹತ್ತಿದ್ದಾನಷ್ಟೇ.

"ಭದ್ರಾವತೀಲಿ ಆರಿಫ್ ಅಂತ ಲಾರಿ ಮೆಕ್ಯಾನಿಕ್ ಇದಾನೆ. ಅವನನ್ನ ಹ್ಯಾಗಾದ್ರೂ ಕರ್ಕೊಂಡು ಬನ್ನಿ ತಾಯಿ" ಎಂದು ಕೈ ಹಿಡಿದಿದ್ದರು. ಭದ್ರಾವತಿಯ ಗ್ಯಾರೇಜೊಂದರಲ್ಲಿ ಅವನನ್ನು ವಿಚಾರಿಸುತ್ತಿದ್ದಾಗ ಹಿಂದಿನಿಂದ ಯಾರೋ ಈ ಗೋಣಿಚೀಲ ಕವುಚಿದ್ದರು.

ಈಗ ಆ ಆರಿಫ್ ಮೂಲೆಯಲ್ಲಿ ಕೂತಿದ್ದ. ಇಪ್ಪತ್ತೈದರ ಆಸುಪಾಸಿನ ಹುಡುಗ. ಮುಖ ಸುಣ್ಣ ಬಳಿದ ಗೋಡೆ. ಹಣೆಯ ತುಂಬ ಮೂರು ಪಟ್ಟೆ ವಿಭೂತಿ!

"ಇದೇನೋ ವೇಷ?"

"ದಾವಣಗೆರೆ ಪಾರ್ಟಿ ಲಿಂಗಾಯತರಂತೆ ಅಕ್ಕಾ. ಅಲ್ಲಿ ನಾನು ಅವ್ರ ಚಿಕ್ಕಪ್ಪನ ಮಗ ಮಲ್ಲಿಕಾರ್ಜುನ."

ನಗು ಬಂತು. ಅರ್ಧಕ್ಕೇ ನಿಂತಿತು. ಅವನು ತೆವಳಿಕೊಂಡು ಬಂದು ನನ್ನ ಕೈಯ ಹಗ್ಗ ಬಿಚ್ಚಿದ. ತನಗೆಂದು ಇಟ್ಟಿದ್ದ ಟೀ ಲೋಟವನ್ನು ನನ್ನತ್ತ ಸರಿಸಿದ.

"ನೀವು ಕುಡೀರಿ. ಕೆನ್ನೆ ಊದಿದೆ."

ಲೋಟ ಹಿಡಿದ ಬೆರಳುಗಳನ್ನು ನೋಡಿದೆ. ಉಗುರುಗಳು ಬೆಳ್ಳಗೆ... ಒಂದು ಹನಿ ಕೆಂಪಿಲ್ಲ.

"ಕೊನೇ ಸಲ ರಕ್ತ ಕೊಟ್ಟಿದ್ದು ಯಾವಾಗ?"

"ಹೋದ ವಾರ. ಅದಕ್ಕೆ ಮುಂಚೆ ದೀಪಾವಳಿ ಟೈಮಲ್ಲಿ. ಅದಕ್ಕೂ ಮುಂಚೆ..." ಅವನು ಗೋಡೆಗೆ ಒರಗಿದ. "ಮೊದಲ್ನೇ ಸಲ ನಾನಾಗೇ ಕೊಟ್ಟಿದ್ದೆ ಅಕ್ಕಾ. ಎರಡು ವರ್ಷ ಆಯ್ತು. ಮಲವಗೊಪ್ಪದ ಹತ್ರ ಬೈಕಿಂದ ಬಿದ್ದಿದ್ದ ಹುಡುಗನ್ನ ನಾನೇ ಲಾರೀಲಿ ಹಾಕ್ಕೊಂಡು ಹೋದೆ. ನರ್ಸು ನಗ್ತಾ ಅಂದ್ರು, ನೂರು ಜನರಲ್ಲಿ ಹುಡುಕಿದ್ರೂ ಸಿಗದ ಗ್ರೂಪು, ಬಿದ್ದವನದೂ ಎತ್ತಿದವನದೂ ಒಂದೇ ಅಂತ! ಆವತ್ತು ಖುಷಿಯಾಗಿ ಮನೆಗೆ ಹೋಗಿದ್ದೆ. ಆ ಸುದ್ದಿ ಹುಲಿಯಪ್ಪನ ಕಿವಿಗೆ ಬಿತ್ತು."

"ಯಾರ ಮನೆ ಹುಡುಗ?"

"ವಿದ್ಯಾನಗರದ ರೈಸ್ ಮಿಲ್ಲಿನವ್ರು. ಅವ್ರ ಚಿಕ್ಕ ಮಗ ಜ್ಞಾನೇಶ್."

ಲೋಟ ಕೆಳಗಿಟ್ಟೆ.

ಶಾಂಭವಿಗೆ ಬೇಕಾದ ರಕ್ತ ಅವಳ ಮೈದುನನ ಮೈಯಲ್ಲೇ ಓಡಾಡುತ್ತಿತ್ತು! ಒಂದೇ ಮನೆ, ಒಂದೇ ಅಡುಗೆ. ಆದರೂ ಅವನಮ್ಮ ನನ್ನನ್ನು ಭದ್ರಾವತಿಗೆ ಅಟ್ಟಿದ್ದರು.

"ಏಳು. ಹೋಗೋಣ."

"ಬಾಗಿಲು?"

"ಮೆಕ್ಯಾನಿಕ್ ನೀನಾ, ನಾನಾ?"

ಅವನು ಮೊದಲ ಬಾರಿ ನಕ್ಕ. ಹಿಂಬಾಗಿಲಿನ ಕೀಲುಗಳ ಸ್ಕ್ರೂ ಒಳಗಡೆಗಿದ್ದವು. ಬೆಲ್ಟಿನ ಬಕಲ್ ಕಳಚಿದ. ಒಂದು ಸ್ಕ್ರೂ ತಿರುಗಿಸುವಷ್ಟರಲ್ಲಿ ಅವನಿಗೆ ಏದುಸಿರು ಹತ್ತಿತು. ಉಳಿದದ್ದನ್ನು ಅವನು ಹೇಳಿಕೊಟ್ಟಂತೆ ನಾನೇ ತಿರುಗಿಸಿದೆ. ಬಾಗಿಲು ಓರೆಯಾಯಿತು. ಬೇಲಿಯ ಪಕ್ಕ ನನ್ನ ಲೂನಾ! ಅದನ್ನೂ ನನ್ನ ಜೊತೆಗೇ ಎತ್ತಿಕೊಂಡು ಬಂದಿದ್ದರು.

ಆರಿಫ್ ಹಿಂದೆ ಕೂತ. ಕೂತವನು ಒಂದು ಪಕ್ಕಕ್ಕೆ ವಾಲಿದ.

"ಅಕ್ಕಾ, ಕಣ್ಣು ಕತ್ತಲೆ ಬರ್ತಿದೆ..."

ನನ್ನ ಕೈ ಬಿಗಿದಿದ್ದ ಹಗ್ಗದಿಂದಲೇ ಅವನನ್ನು ನನ್ನ ಬೆನ್ನಿಗೆ ಕಟ್ಟಿಕೊಂಡೆ. ಪೆಡಲ್ ತುಳಿದೆ. ಲೂನಾ ಕೆಮ್ಮಿತು... ಕೆಮ್ಮಿತು... ಹೊರಟಿತು!

ಶಿವಮೊಗ್ಗದ ರಸ್ತೆ. ಹಿಂದಿನಿಂದ ಹಾರ್ನ್. ಕನ್ನಡಿಯಲ್ಲಿ ಹುಲಿಯಪ್ಪನ ಮಟಡಾರ್ ವ್ಯಾನು! ಲೂನಾ ಅಂದರೆ ಲೂನಾ. ಅದರ ಕಿವಿ ಎಷ್ಟು ಹಿಂಡಿದರೂ ಅದಕ್ಕೆ ಇದ್ದಷ್ಟೇ ಜೀವ. ಮಟಡಾರ್ ಹತ್ತಿರವಾಯಿತು. ಬಂಪರ್ ನನ್ನ ಹಿಂದಿನ ಮಡ್‌ಗಾರ್ಡಿಗೆ ತಾಗಿತು.

"ಬಿಟ್ಬಿಡಿ ಅಕ್ಕಾ, ನನ್ನ ಇಳಿಸಿ" ಎಂದ ಆರಿಫ್.

"ಗಂಟು ಹಾಕಾಗಿದೆ. ಸುಮ್ನೆ ಕೂತ್ಕೋ!"

ಮಲವಗೊಪ್ಪ ಬಂತು. ಕಬ್ಬಿನ ಕಾಲ ಅದು. ರಸ್ತೆಯ ಎರಡೂ ಬದಿಗೆ ಕಬ್ಬು ಹೇರಿದ ಟ್ರಾಕ್ಟರುಗಳು ಸಾಲುಗಟ್ಟಿ ನಿಂತಿದ್ದವು. ನಡುವೆ ಒಂದು ಟ್ರಾಕ್ಟರ್ ತಿರುಗಿಸಿಕೊಳ್ಳಲು ಅಡ್ಡ ಬಂತು. ಉಳಿದದ್ದು ಒಂದು ಎಮ್ಮೆ ನುಸುಳುವಷ್ಟು ಜಾಗ. ಕಣ್ಣು ಮುಚ್ಚಿ ನುಗ್ಗಿದೆ! ಕಬ್ಬಿನ ಗರಿ ಮುಖ ಕೊಯ್ದಿತು. ಹಿಂದೆ ಬ್ರೇಕಿನ ಕಿರುಚಾಟ, ಡ್ರೈವರುಗಳ ಬೈಗುಳ. ಮಟಡಾರ್ ಕಬ್ಬಿನ ನಡುವೆ ಸಿಕ್ಕಿಬಿತ್ತು.

ನರ್ಸಿಂಗ್ ಹೋಮ್ ತಲುಪಿದಾಗ ಮಧ್ಯಾಹ್ನದ ಬಿಸಿಲು ಇಳಿಯುತ್ತಿತ್ತು. ಡಾಕ್ಟರಮ್ಮ ಓಡಿಬಂದರು. ಆರಿಫನ ಕೆಳರೆಪ್ಪೆ ಎಳೆದು ನೋಡಿದರು. ನನ್ನ ಮೇಲೆ ಸಿಡಿದರು.

"ಏನ್ರೀ ಇದು! ಇವನಿಗೇ ರಕ್ತ ಹಾಕ್ಬೇಕು. ಇವನಿಂದ ತೆಗೀಲಾ?"

"ಶಾಂಭವಿ ಹೇಗಿದಾಳೆ?"

"ಬಿ.ಪಿ. ಇಳೀತಾ ಇದೆ. ಈಗಲೇ ಆಪರೇಷನ್ ಆಗ್ಬೇಕು. ದಾವಣಗೆರೆಯಿಂದ ಒಂದು ಬಾಟಲಿ ದಾರೀಲಿದೆ. ಅದೊಂದೇ ಸಾಲಲ್ಲ. ಇನ್ನೊಂದಕ್ಕೆ ಗ್ಯಾರಂಟಿ ಇಲ್ದೆ ನಾನು ಹ್ಯಾಗೆ ಹೊಟ್ಟೆ ತೆಗೀಲಿ?"

ಬೆಂಚಿನಲ್ಲಿ ಉಮಾಮಹೇಶ್ವರಮ್ಮ ಕೂತಿದ್ದರು. ಮಡಿಲಲ್ಲಿ ಸೊಸೆಯ ಬಳೆಗಳು. ಪಕ್ಕದಲ್ಲಿ ಕೂತೆ.

"ಜ್ಞಾನೇಶ್ ಎಲ್ಲಿ ಅಮ್ಮಾ?"

ಬಳೆಗಳು ಸದ್ದು ಮಾಡಿದವು.

"ಅವನ ಗ್ರೂಪ್ ಯಾವುದು ಅಂತ ನಿಮಗೆ ಗೊತ್ತಿತ್ತು."

"ಗೊತ್ತಿತ್ತು!" ಅವರ ದನಿ ಸೀಳಿತು. "ಬಾಟಲಿ ಬಾಟಲಿ ಹಾಕಿ ಉಳಿಸ್ಕೊಂಡ ಮಗ ಅವನು. ತಿಂಗಳುಗಟ್ಟಲೆ ನಾನೇ ಎತ್ತಿ ಕೂರಿಸಿ ಉಣ್ಣಿಸಿದೀನಿ. ಈಗ ಮತ್ತೆ ತೆಗಿಸ್ಲಾ? ಅವನಿಗೇನಾದ್ರೂ ಆದ್ರೆ?"

"ನಿಮ್ಮ ಮಗನಿಗೆ ರಕ್ತ ಕೊಟ್ಟವನು ಅಗೋ, ಅಲ್ಲಿ ಕೂತಿದಾನೆ. ಅವನಿಗೂ ಒಬ್ಬ ಅಮ್ಮ ಇರ್ಬೇಕಲ್ಲ?"

ಅವರು ಆರಿಫನತ್ತ ನೋಡಲಿಲ್ಲ. ಡಾಕ್ಟರಮ್ಮ ಅವರ ಮುಂದೆ ಕುಕ್ಕರುಗಾಲಲ್ಲಿ ಕೂತು, ಮಗುವಿಗೆ ಹೇಳುವಂತೆ ಹೇಳಿದರು. "ಅಮ್ಮಾ, ಗಟ್ಟಿಮುಟ್ಟಾದವ್ರು ಒಂದು ಸಲ ಕೊಟ್ರೆ ಏನೂ ಆಗಲ್ಲ. ಹೋದದ್ದು ಮೈಯಲ್ಲೇ ತುಂಬ್ಕೊಳುತ್ತೆ. ತುಂಬೋಕೆ ಬಿಡದೆ ಮತ್ತೆ ಮತ್ತೆ ತೆಗೆದ್ರೆ ಮಾತ್ರ ಹೀಗಾಗೋದು, ಈ ಹುಡುಗನ ಥರ. ನಿಮ್ಮ ಮಗ ಕೊಟ್ರೆ ನಾಳೆ ಓಡಾಡ್ಕೊಂಡಿರ್ತಾನೆ. ಕೊಡ್ದಿದ್ರೆ ನಿಮ್ಮ ಸೊಸೆ ನಾಳೆ ಇರಲ್ಲ."

ಉಮಾಮಹೇಶ್ವರಮ್ಮ ನೆಲ ನೋಡುತ್ತ ಹೇಳಿದರು. "ಬಸ್‌ಸ್ಟ್ಯಾಂಡಲ್ಲಿದಾನೆ. ಹೊಸದುರ್ಗಕ್ಕೆ ಹೋಗಿ ಅಜ್ಜಿಗೆ ಮಗು ಹುಟ್ಟಿದ ಸಕ್ಕರೆ ಕೊಟ್ಟು ಬಾ ಅಂತ ಕಳಿಸಿದೀನಿ."

ಸಕ್ಕರೆ! ಬಾಣಂತಿ ಸಾಯುತ್ತಿದ್ದಾಳೆ, ಮನೆಯ ಮಗ ಸಕ್ಕರೆ ಹಂಚಲು ಹೊರಟಿದ್ದಾನೆ!

ನಾನು ಎದ್ದೆ. ಆರಿಫ್ ಗೋಡೆ ಹಿಡಿದು ಎದ್ದ. "ನಾನೂ ಬರ್ತೀನಿ. ಆ ಹುಡುಗನ ಮುಖ ನನಗೆ ಗೊತ್ತು." ಬೇಡವೆಂದರೂ ಕೇಳಲಿಲ್ಲ.

ಬಸ್ಸು ಹೊರಡುವುದರಲ್ಲಿತ್ತು. ಕಂಡಕ್ಟರ್ ಸೀಟಿ ಊದಿದ. ನಾನು ಲೂನಾವನ್ನು ತಂದು ಮುಂದಿನ ಚಕ್ರದ ಎದುರಿಗೆ ಅಡ್ಡ ನಿಲ್ಲಿಸಿದೆ!

"ಏಯ್ ಅಮ್ಮಾ! ಸಾಯೋಕೆ ಬೇರೆ ಬಸ್ ಸಿಗ್ಲಿಲ್ವಾ?" ಡ್ರೈವರ್ ಕೂಗಿದ.

"ಇದೇ ಖಾಲಿ ಇತ್ತು!"

ಒಳಗೆ ಹತ್ತಿದೆ. ಕಿಟಕಿಯ ಸೀಟಿನಲ್ಲಿ ಜ್ಞಾನೇಶ್. ಕಟ್ಟುಮಸ್ತಾದ ಹುಡುಗ, ತೊಡೆಯ ಮೇಲೆ ಸಕ್ಕರೆ ಚೀಲ.

"ಇಳಿ. ನಿಮ್ಮತ್ತಿಗೆಗೆ ರಕ್ತ ಬೇಕು."

"ಸಿಕ್ತಂತಲ್ಲ? ಅಮ್ಮ ಹೇಳಿದ್ರು... ಭದ್ರಾವತಿಯಿಂದ ಯಾರೋ ಬರ್ತಿದಾರೆ ಅಂತ."

"ಬಂದಿದಾನೆ. ನೋಡು."

ಬಸ್ಸಿನ ಮೆಟ್ಟಿಲ ಮೇಲೆ ಆರಿಫ್ ಕಂಬಿ ಹಿಡಿದು ನಿಂತಿದ್ದ. ಬೆವರಿಗೆ ವಿಭೂತಿ ಕರಗಿ ಹುಬ್ಬಿನ ಮೇಲೆ ಇಳಿಯುತ್ತಿತ್ತು.

"ಇವ್ರು ಯಾರು?"

"ನೀನು ಬೈಕಿಂದ ಬಿದ್ದಾಗ ಎತ್ಕೊಂಡು ಹೋಗಿ ರಕ್ತ ಕೊಟ್ಟವನು. ಈಗ ಅವನ ಹತ್ರ ಕೊಡೋಕೆ ಏನೂ ಉಳಿದಿಲ್ಲ. ನಿಂದೂ ನಿಮ್ಮತ್ತಿಗೇದೂ ಅದೇ ಗ್ರೂಪು."

ಹುಡುಗನ ಮುಖ ಬಿಳುಚಿತು. "ಅಮ್ಮ ನನಗೆ ಹೇಳ್ಲೇ ಇಲ್ಲ... ಆದ್ರೆ ಅಕ್ಕಾ, ನನಗೆ ಸೂಜಿ ಅಂದ್ರೆ..."

"ನನಗೂ ಭಯಾನೇ" ಎಂದ ಆರಿಫ್ ಬಾಗಿಲಿಂದ. "ಕಣ್ಣು ಆ ಕಡೆ ಮಾಡ್ಬೇಕು. ಅಷ್ಟೇ."

ಹಿಂದಿನ ಸೀಟಿನ ಅಜ್ಜಿ ಎಲೆಯಡಿಕೆ ಉಗಿದು ಬಾಯಿ ಹಾಕಿತು. "ಏಳೋ ತಮ್ಮಾ. ಬಸ್ಸು ತಪ್ಪಿದ್ರೆ ಇನ್ನೊಂದು ಬರುತ್ತೆ. ಹೋದ ಜೀವ ಬರುತ್ತಾ?"

ಜ್ಞಾನೇಶ್ ಎದ್ದ. ಸಕ್ಕರೆ ಚೀಲವನ್ನು ಅಜ್ಜಿಯ ಮಡಿಲಲ್ಲಿಟ್ಟು ಇಳಿದ.

ಆದರೆ ನರ್ಸಿಂಗ್ ಹೋಮ್ ಪಕ್ಕದ ಬ್ಲಡ್ ಬ್ಯಾಂಕಿನ ಬಾಗಿಲಲ್ಲಿ ಹುಲಿಯಪ್ಪ ನಿಂತಿದ್ದ! ಬಿಳಿ ಅಂಗಿಗೆ ಕಬ್ಬಿನ ರವದಿ ಅಂಟಿತ್ತು. ಹಿಂದೆ ಇಬ್ಬರು.

"ಹುಡುಗನ್ನ ಕೊಡು ಪುಷ್ಪಕ್ಕ. ಅವನು ನನ್ನ ಮಾಲು."

"ಹುಲಿಯಪ್ಪಾ, ನಿನ್ನ ಗ್ರೂಪ್ ಯಾವುದು?"

"ಏನು?"

"ಊರಿನ ಜನರ ರಕ್ತ ಮಾರಿದೀಯಲ್ಲ. ನಿಂದು ಯಾವುದು?"

ಅವನ ಮಣಿಕಟ್ಟು ಹಿಡಿದೆ. ಪೊಲೀಸ್ ಲೈನಿನಲ್ಲಿ ಕಲಿತ ಹಿಡಿತ, ಬಿಡಿಸಿಕೊಳ್ಳುವುದು ಸುಲಭವಲ್ಲ. ಒಳಗೆ ಎಳೆದು ಕುರ್ಚಿಗೆ ಕುಕ್ಕಿದೆ. "ಸಿಸ್ಟರ್, ಇವನ ಬೆರಳಿಗೊಂದು ಚುಚ್ಚಿ!"

ನರ್ಸು ಸೂಜಿ ಎತ್ತಿದಳು. ಹುಲಿಯಪ್ಪನ ಹಣೆಯಲ್ಲಿ ಬೆವರು. "ಬೇಡ... ಬೇಡ ಸಿಸ್ಟರ್... ನನಗೆ ಆಗಲ್ಲ!" ಕಣ್ಣು ಮೇಲಾಯಿತು. ಕುರ್ಚಿಯಿಂದ ಗೋಣಿಚೀಲದಂತೆ ಜಾರಿದ.

ಅವನ ಆಳುಗಳಲ್ಲಿ ಒಬ್ಬ ಮುಖ ತಿರುಗಿಸಿ ನಕ್ಕ. ಇನ್ನೊಬ್ಬ ಮೆಲ್ಲಗೆ ಓಡಿಹೋದ. ನಾನು ಜಯಪ್ಪನಿಗೆ ಫೋನ್ ಮಾಡಿದೆ. ಹಳೆಯ ಸಹೋದ್ಯೋಗಿ, ಈಗ ಹೆಡ್ ಕಾನ್‌ಸ್ಟೇಬಲ್. ಎಚ್ಚರವಾದಾಗ ಹುಲಿಯಪ್ಪ ಜೀಪಿನಲ್ಲಿದ್ದ.

ಜ್ಞಾನೇಶ್ ಮಂಚದ ಮೇಲೆ ಮಲಗಿದ. ಕಣ್ಣು ಆ ಕಡೆ ಮಾಡಿದ. ಬಾಟಲಿ ತುಂಬುವವರೆಗೆ ಆರಿಫ್ ಪಕ್ಕದಲ್ಲಿ ಕೂತು ಅವನ ಇನ್ನೊಂದು ಕೈ ಹಿಡಿದಿದ್ದ. ಬೈಕ್ ಯಾವುದು, ಈಗ ಮೈಲೇಜ್ ಎಷ್ಟು ಕೊಡುತ್ತೆ, ಕ್ಲಚ್ ಪ್ಲೇಟ್ ಬದಲಾಯಿಸಿದ್ದಾ... ಇಬ್ಬರೂ ಅದನ್ನೇ ಮಾತಾಡಿದರು.

ಆಪರೇಷನ್ ಥಿಯೇಟರಿನ ದೀಪ ಹತ್ತಿತು. ನಾವು ಕಾದೆವು. ಉಮಾಮಹೇಶ್ವರಮ್ಮ ಮನೆಗೆ ಹೋಗಿ ಬಂದರು.

ಡಾಕ್ಟರಮ್ಮ ಹೊರಗೆ ಬಂದಾಗ ಅವರ ಮುಖದಲ್ಲಿ ನಗುವಿರಲಿಲ್ಲ. "ಉಳಿದಿದಾಳೆ. ಗರ್ಭಕೋಶ ಉಳಿಸೋಕಾಗ್ಲಿಲ್ಲ. ಬೆಳಿಗ್ಗೆಯೇ ರಕ್ತ ಸಿಕ್ಕಿದ್ರೆ... ಬಹುಶಃ..." ಮಾತು ಮುಗಿಸದೆ ಹೋದರು.

ಬೆಳಿಗ್ಗೆಯೇ ರಕ್ತವಿತ್ತು. ಅದೇ ಮನೆಯಲ್ಲಿ.

ಉಮಾಮಹೇಶ್ವರಮ್ಮ ಗೋಡೆ ನೋಡುತ್ತ ನಿಂತರು. ಕೈಯಲ್ಲಿ ಊಟದ ಕ್ಯಾರಿಯರ್. ಮಗನಿಗೆಂದು ತಂದದ್ದು... ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಬೆಲ್ಲ ಹಾಕಿ ಕುಟ್ಟಿದ ಎಳ್ಳಿನ ಉಂಡೆ, ಮೊಸರನ್ನ. ಮಗ ಬೆಂಚಿನಿಂದ ಕೈ ಚಾಚಿದ.

ಅವರು ಮಗನನ್ನು ದಾಟಿ ನಡೆದರು. ಆರಿಫನ ಮುಂದೆ ನಿಂತು ಕ್ಯಾರಿಯರನ್ನು ಅವನ ಕೈಗೆ ಕೊಟ್ಟರು. ಕೊಟ್ಟವರು ಅಲ್ಲೇ ನಿಂತರು, ಮೊದಲ ತುತ್ತು ಬಾಯಿಗೆ ಹೋಗುವವರೆಗೆ.

ಆ ದಿನ ರೈಸ್ ಮಿಲ್ ಶಿವಯೋಗಪ್ಪನವರ ಮಗ ಹೋಟೆಲಿನ ತಂಗಳು ಇಡ್ಲಿ ತಿಂದ!