ಪ್ರಿಡಿಕ್ಟ್ ಅಂದ್ರೆ ಏನು, ಟೀಚರ್

ದಿಲೀಪನನ್ನು ಮೊದಲ ಸಲ ಕಂಡ ದಿನ ಮೂಕಾಂಬಿಕಾಳಿಗೆ ಬಂದದ್ದು ಬರೀ ಸಿಟ್ಟು.

ತೊಂಬತ್ತೇಳನೇ ಇಸವಿ. ಬಾಳೂರಿನ ಹೈಸ್ಕೂಲಿಗೆ ಇಂಗ್ಲಿಷ್ ಟೀಚರಾಗಿ ಸೇರಿ ಇನ್ನೂ ವಾರ ಕಳೆದಿರಲಿಲ್ಲ. ಕಳಸದಲ್ಲಿ ಪೌರೋಹಿತ್ಯ ಮಾಡುವ ಅಪ್ಪ ಕೃಷ್ಣಯ್ಯನವರನ್ನು ಒಪ್ಪಿಸಿ ಬಂದು, ಬಣಕಲ್ಲಿನಲ್ಲಿ ಭಾಗಮ್ಮನೆಂಬ ಒಂಟಿ ಹೆಂಗಸಿನ ಮನೆಯ ಹೊರಕೋಣೆಯಲ್ಲಿ ಬಾಡಿಗೆಗಿದ್ದಳು. ಸಂಜೆ ಬಣಕಲ್ಲಿಗೆ ಹೋಗುವ ಜೀಪಿನ ಪಕ್ಕ ಊಟದ ಕ್ಯಾರಿಯರ್ ಇಟ್ಟುಕೊಂಡು ನಿಂತಿದ್ದಾಗ ಜೀಪಿನವನು ಬಂದ. ಬಂದವನೇ ಕ್ಯಾರಿಯರನ್ನು ಒದ್ದು ಮುಂದೆ ಹೋದ. ಮುಚ್ಚಳ ಉರುಳಿಕೊಂಡು ಹೋಗಿ ಚರಂಡಿಯ ಅಂಚಿನಲ್ಲಿ ನಿಂತಿತು.

"ಕೆಳಗೆ ನೋಡ್ಕೊಂಡು ನಡೀಬಾರ್ದಾ?" ಎಂದಳು.

ಅವನು ನಿಂತ. ಎಲ್ಲರ ಹಾಗೆ ಕಣ್ಣು ಹೊರಳಿಸಿ ನೋಡಲಿಲ್ಲ. ಇಡೀ ಮುಖವನ್ನೇ ನಿಧಾನವಾಗಿ ತಿರುಗಿಸಿ ಅವಳ ಕಣ್ಣಲ್ಲಿ ಕಣ್ಣಿಟ್ಟ. ಅಷ್ಟು ನೇರವಾಗಿ ಪರಿಚಯವಿಲ್ಲದ ಗಂಡಸು ಅವಳನ್ನು ಯಾವತ್ತೂ ನೋಡಿರಲಿಲ್ಲ.

"ತಪ್ಪಾಯ್ತು ಟೀಚರ್. ಮುಚ್ಚಳ ಎಲ್ಲಿ ಬಿತ್ತು ಹೇಳಿ, ತಂದ್ಕೊಡ್ತೀನಿ."

ಮುಚ್ಚಳ ಅವನಿಂದ ಎರಡು ಮಾರು ದೂರದಲ್ಲಿತ್ತು. ಸೊಕ್ಕಿನವನು ಎಂದುಕೊಂಡು ತಾನೇ ಹೋಗಿ ಎತ್ತಿಕೊಂಡಳು.

ಬೇರೆ ಜೀಪು ಇರಲಿಲ್ಲ. ದಿನವೂ ಅದರಲ್ಲೇ ಹೋಗಬೇಕಿತ್ತು. ಹೆಂಗಸರು, ತರಕಾರಿ ಚೀಲ, ಕೋಳಿ ಎಲ್ಲ ಹಿಂದೆ ತುಂಬಿಕೊಂಡರೆ ಟೀಚರಿಗೆ ಮುಂದಿನ ಸೀಟು. ಶ್ರಾವಣದ ಹೊತ್ತಿಗೆ ಸಿಟ್ಟು ಇಳಿದಿತ್ತು. ಕಾರ್ತಿಕದ ಹೊತ್ತಿಗೆ ಕೊನೆಯ ಪೀರಿಯಡ್ಡಿನಲ್ಲಿ ಕಿವಿ ಹಾರ್ನಿನ ಕಡೆಗೇ ಇರುತ್ತಿತ್ತು. ಅವನಿಗೆ ಬಾಳೂರಿನಲ್ಲಿ ನಾಲ್ಕೆಕರೆ ಕಾಫಿ, ತಾಯಿ ದ್ಯಾವಮ್ಮ, ಈ ಜೀಪು. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ಕೈಕೊಟ್ಟಿತ್ತು.

"ಮಾತಾಡ್ವಾಗ ಅದ್ಯಾಕೆ ಹಾಗೆ ನೋಡ್ತೀರಿ?" ಎಂದು ಒಂದು ದಿನ ಕೇಳಿಯೇಬಿಟ್ಟಳು.

"ಹೆಂಗೆ?"

"ಪೂರ್ತಿ ತಿರುಗಿ. ಫೋಟೋ ತೆಗಿಯೋರ ಥರ."

ಅವನು ಜೀಪನ್ನು ಬದಿಗೆ ನಿಲ್ಲಿಸಿ ತಿರುಗಿದ. "ಪೂರ್ತಿ ತಿರುಗಿದ್ರೆ ಮಾತ್ರ ನೀವು ಕಾಣ್ತೀರಿ ಟೀಚರ್."

ಹಿಂದಿನ ಸೀಟಿನ ಹೆಂಗಸರು ಕಿಸಕ್ಕನೆ ನಕ್ಕರು. ಅವಳ ಕೆನ್ನೆ ಬಿಸಿಯಾಯಿತು. ಊರು ಬರುವ ತನಕ ಹೊರಗೆ ಕಾಫಿ ಗಿಡಗಳನ್ನೇ ನೋಡುತ್ತ ಕೂತಳು. ಅವನು ಹೇಳಿದ್ದು ಚೆಲ್ಲಾಟದ ಮಾತಲ್ಲ, ಇದ್ದ ಸಂಗತಿ ಎನ್ನುವುದು ಅವಳಿಗೆ ತಿಳಿದದ್ದು ನವೆಂಬರಿನಲ್ಲಿ.

ಆ ದಿನ ಶನಿವಾರ. ಮಧ್ಯಾಹ್ನ ಶಾಲೆ ಬಿಟ್ಟು ಮಕ್ಕಳೆಲ್ಲ ಹೋದ ಮೇಲೆ ಅವನು ಕ್ಲಾಸಿನ ಬಾಗಿಲಿಗೆ ಬಂದು ನಿಂತ. ಕೈಯಲ್ಲಿ ಒಂದು ಕವರು.

"ಮಂಗಳೂರಿಗೆ ಹೋಗಿದ್ದೆ, ಕಣ್ಣು ತೋರಿಸೋಕೆ. ಕತ್ತಲಾದ್ರೆ ಸ್ವಲ್ಪ ಕಷ್ಟ ಆಗ್ತಿತ್ತು. ಈ ಲೆಟರ್ ಮೂಡಿಗೆರೆ ಡಾಕ್ಟ್ರಿಗೆ ಕೊಡು, ಅವ್ರು ಎಲ್ಲ ಹೇಳ್ತಾರೆ ಅಂದ್ರು. ಕೊಡೋಕ್ ಮುಂಚೆ ನಂಗೆ ಗೊತ್ತಾಗ್ಬೇಕಲ್ಲ. ಐಸ್, ಲಾಸ್, ಫೈವ್ ಇಯರ್ಸ್, ಇಷ್ಟು ಓದ್ಕೊಂಡೆ. ಮಧ್ಯದಲ್ಲಿ ಒಂದು ಶಬ್ದ ಬಿಡಿಸೋಕಾಗ್ಲಿಲ್ಲ. ಪ್ರಿಡಿಕ್ಟ್ ಅಂದ್ರೆ ಏನು ಟೀಚರ್?"

ಅವಳು ಓದಿದಳು. ನಾಲ್ಕೇ ಸಾಲು. ಎರಡೂ ಕಣ್ಣಿನ ಅಂಚಿನ ನೋಟ ಹೋಗಿದೆ, ಇದು ವಂಶದಿಂದ ಬಂದದ್ದು, ಔಷಧಿಯಿಲ್ಲ. ಐದು ವರ್ಷದಲ್ಲಿ ದೃಷ್ಟಿ ಪೂರ್ತಿ ಹೋಗುವುದೆಂದು ನಾವು ಪ್ರಿಡಿಕ್ಟ್ ಮಾಡುತ್ತೇವೆ. ಬೆಳಕು ಕುಂದಿದ ಮೇಲೆ ಇವರು ವಾಹನ ಓಡಿಸಕೂಡದು.

ತಲೆಯೆತ್ತಿದಾಗ ಅವನು ಅವಳನ್ನೇ ನೋಡುತ್ತಿದ್ದ. ಉತ್ತರ ಅವಳ ಮುಖದಲ್ಲಿ ಮೊದಲು ಬರುತ್ತದೆಯೇನೋ ಎಂಬಂತೆ ಹುಬ್ಬಿನಿಂದ ತುಟಿಗೆ, ತುಟಿಯಿಂದ ಹುಬ್ಬಿಗೆ ಅವನ ನೋಟ ಓಡಾಡಿತು. ಆ ಮುಖಕ್ಕೆ ನಿಜ ಹೇಳುವುದು ಅವಳಿಂದಾಗಲಿಲ್ಲ.

"ಅಂದಾಜು ಮಾಡೋದು ಅಂತ. ರೇಡಿಯೋದಲ್ಲಿ ಮಳೆ ಬರುತ್ತೆ ಅಂತ ಹೇಳಲ್ವಾ, ಹಾಗೆ. ಬಂದ್ರೂ ಬಂತು, ಇಲ್ಲದಿದ್ರೆ ಇಲ್ಲ."

"ಅಷ್ಟೇನಾ? ಕೊನೇದು?"

"ಕತ್ತಲಲ್ಲಿ ಹುಷಾರಾಗಿ ಓಡಿಸ್ಬೇಕು ಅಂತ ಬರೆದಿದಾರೆ."

ಅವನು ಉಸಿರುಬಿಟ್ಟ. "ನಾನು ಏನೇನೋ ಅಂದ್ಕೊಂಡಿದ್ದೆ ಮಾರಾಯ್ರೆ" ಎಂದು ನಗುತ್ತ ಕವರನ್ನು ಜೇಬಿಗಿಟ್ಟುಕೊಂಡ. ಮೂಡಿಗೆರೆಯ ಡಾಕ್ಟರ ಹತ್ತಿರ ಅವನು ಹೋಗಲೇ ಇಲ್ಲ.

ನಾಳೆ ಸರಿಯಾಗಿ ಹೇಳೋಣ ಎಂದು ಅವಳು ದಿನ ದೂಡಿದಳು. ಹೇಳಿದರೆ ಜೀಪು ನಿಲ್ಲುತ್ತಿತ್ತು. ಜೀಪು ನಿಂತರೆ ಸಂಜೆಗಳೂ ನಿಲ್ಲುತ್ತಿದ್ದವು. ಕಾಫಿ ಕುಯ್ಲು ಶುರುವಾಗಿ ಹೊತ್ತು ಬೇಗ ಮುಳುಗತೊಡಗಿದಾಗ, ತಿರುವು ಬಂದಲ್ಲೆಲ್ಲ "ನಿಧಾನ" ಎನ್ನುತ್ತ ಪಕ್ಕದಲ್ಲಿ ಕೂತಿರುತ್ತಿದ್ದಳು. ತಾನಿದ್ದರೆ ಏನೂ ಆಗುವುದಿಲ್ಲ ಎಂದು ನಂಬಿಕೊಂಡಿದ್ದಳು.

ಜನವರಿಯ ಒಂದು ಸೋಮವಾರ ಅವಳು ಆ ಜೀಪಿನಲ್ಲಿರಲಿಲ್ಲ. ತಿದ್ದಲು ಟೆಸ್ಟ್ ಪೇಪರಿದ್ದವೆಂದು ಬೇಗ ಬೇರೆ ಟೀಚರ ಸ್ಕೂಟರಿನಲ್ಲಿ ಬಂದುಬಿಟ್ಟಿದ್ದಳು. ಬಾಳೂರಿನ ನೆಂಟರ ಮನೆಗೆ ಹೋಗಿದ್ದ ಭಾಗಮ್ಮ ಸಂಜೆ ಆರೂವರೆಗೆ ಅದೇ ಮುಂದಿನ ಸೀಟಿನಲ್ಲಿ ಕೂತು ಹೊರಟಳು. ಮಂಜು ಇಳಿಯುತ್ತಿತ್ತು. ಎಡಗಡೆ ರಸ್ತೆ ಮುಗಿದದ್ದು ದಿಲೀಪನಿಗೆ ಕಾಣಲಿಲ್ಲ. ಜೀಪು ಕಾಫಿ ತೋಟದೊಳಕ್ಕೆ ಜಾರಿ ಸಿಲ್ವರ್ ಮರಕ್ಕೆ ಬಡಿದು ನಿಂತಿತು. ಭಾಗಮ್ಮನ ತೊಡೆಯ ಮೂಳೆ ಮುರಿಯಿತು.

ಮರುದಿನ ಮೂಡಿಗೆರೆಯ ಆಸ್ಪತ್ರೆಯಲ್ಲಿ ಮೂಕಾಂಬಿಕಾ ಮಂಚದ ಪಕ್ಕ ಕೂತಾಗ ಭಾಗಮ್ಮ ಸೂರಿನ ಕಡೆ ನೋಡುತ್ತ ಹೇಳಿದಳು. "ಆ ಹುಡುಗನ ಜೇಬಲ್ಲಿ ಮಂಗಳೂರಿನ ಚೀಟಿ ಇತ್ತಂತೆ. ಡಾಕ್ಟ್ರು ಓದಿ ಸರಿಯಾಗಿ ಬೈದ್ರು. ಇದನ್ನ ಯಾರಿಗೂ ತೋರಿಸ್ಲಿಲ್ವಾ ಅಂದ್ರು. ಇಲ್ಲ, ನಂಗೆ ಇಂಗ್ಲಿಷ್ ಬರಲ್ಲ, ಯಾರಿಗೂ ತೋರಿಸ್ಲಿಲ್ಲ ಅಂದ."

 ಮೂಕಾಂಬಿಕಾ ಸುಮ್ಮನಿದ್ದರೆ ಆ ಮಾತು ಅಲ್ಲಿಗೇ ಮುಗಿದುಹೋಗುತ್ತಿತ್ತು.

"ನಂಗೆ ತೋರಿಸಿದ್ರು ಭಾಗಮ್ಮ. ಓಡಿಸ್ಬಾರ್ದು ಅಂತ ಬರೆದಿತ್ತು. ನಾನು ಹೇಳ್ಲಿಲ್ಲ."

 ಭಾಗಮ್ಮ ನೀರು ಕೇಳಿ ಕುಡಿದಳು. "ಇವತ್ತು ನನ್ನ ಹತ್ರ ಕೂರ್ಬೇಡಿ ಟೀಚರಮ್ಮ. ನೋಡಿದ್ರೆ ಏನಾದ್ರೂ ಅಂದ್ಬಿಡ್ತೀನಿ. ನಾಳೆ ಬನ್ನಿ."

ನಾಳೆ ಹೋದಳು. ನಾಡಿದ್ದೂ ಹೋದಳು. ಭಾಗಮ್ಮ ಮನೆಗೆ ಬಂದ ಮೇಲೆ ಎರಡು ತಿಂಗಳು ಅವಳ ಸ್ನಾನ, ಊಟ, ಬಟ್ಟೆ ಎಲ್ಲ ತಾನೇ ನೋಡಿಕೊಂಡಳು. ಭಾಗಮ್ಮ ಬೇಡವೆನ್ನಲಿಲ್ಲ. ಕ್ಷಮಿಸಿದೆ ಎಂದೂ ಹೇಳಲಿಲ್ಲ.

ದಿಲೀಪ ಜೀಪು ಮಾರಿದನೆಂದು ಶಾಲೆಯಲ್ಲಿ ಸುದ್ದಿಯಾಯಿತು. ಅವಳು ಧೈರ್ಯ ಮಾಡಿ ಅವನ ಮನೆಗೆ ಹೋದದ್ದು ಮಾರ್ಚಿನಲ್ಲಿ. ಅವನು ಕಣದಲ್ಲಿ ಕೂತು ಒಣಗಿದ ಕಾಫಿಯಲ್ಲಿ ಕಲ್ಲು ಹೆಕ್ಕುತ್ತಿದ್ದ. ದ್ಯಾವಮ್ಮ ಮುಖ ಗಂಟಿಕ್ಕಿಕೊಂಡೇ ಚಾಪೆ ಹಾಕಿ ಒಳಗೆ ಹೋದಳು.

"ಯಾಕೆ ಸುಳ್ಳು ಹೇಳಿದ್ರಿ ಅಂತ ಕೇಳಲ್ವಾ?" ಎಂದಳು.

"ಕೇಳಿ ಏನ್ಮಾಡ್ಲಿ. ಆಕ್ಸಿಡೆಂಟ್ ಮಾಡಿದ್ದು ನಾನು. ಕಾಣ್ತಿಲ್ಲ ಅಂತ ನಂಗೆ ಗೊತ್ತಿತ್ತು." ಅವನು ಕಲ್ಲು ಹೆಕ್ಕುವುದನ್ನು ನಿಲ್ಲಿಸಲಿಲ್ಲ. "ಆದ್ರೂ ಈಗ ಸರಿಯಾಗಿ ಹೇಳಿ. ಪ್ರಿಡಿಕ್ಟ್ ಅಂದ್ರೆ ಏನು?"

ಅವಳು ಕ್ಲಾಸಿನಲ್ಲಿ ಹೇಳುವಂತೆಯೇ ಹೇಳಿದಳು. "ಮುಂದೆ ಹೀಗೇ ಆಗುತ್ತೆ ಅಂತ ಮೊದಲೇ ಹೇಳೋದು. ಊಹೆ ಅಲ್ಲ, ಅದಕ್ಕೆ ಗೆಸ್ ಅಂತಾರೆ. ಪ್ರಿಡಿಕ್ಟ್ ಅನ್ನೋಕೆ ಏನಾದ್ರೂ ಆಧಾರ ಇರ್ಬೇಕು. ಹೇಳೋರಿಗೆ ಅದು ಆಗ್ಲಿ ಅಂತ ಆಸೆ ಇರ್ಬೇಕು ಅಂತೇನಿಲ್ಲ. ಆಗ್ಬಾರ್ದು ಅನ್ನೋದನ್ನೂ ಪ್ರಿಡಿಕ್ಟ್ ಮಾಡ್ತಾರೆ."

"ಮಾಡಿದ್ದು ತಪ್ಪಾಗೋದಿಲ್ವಾ?"

"ಆಗ್ಬಹುದು. ಆದ್ರೆ ನಿಮ್ಮ ವಿಷಯದಲ್ಲಿ ತಪ್ಪಾಗಲ್ಲ ಅಂತ ಕಾಣುತ್ತೆ."

ಅವನು ತಲೆಯಾಡಿಸಿದ. ಸ್ವಲ್ಪ ಹೊತ್ತು ಬಾಯೊಳಗೇ ಏನೋ ಜೋಡಿಸಿಕೊಂಡ. "ಐ ಪ್ರಿಡಿಕ್ಟ್, ಯೂ ವಿಲ್ ಗೋ ಬ್ಯಾಕ್ ಟು ಕಳಸ. ಸರಿಯಾ?"

"ಗ್ರಾಮರ್ ಸರಿ ಇದೆ."

"ಮತ್ತೆ?"

"ಆಧಾರ ಇಲ್ಲ. ಹಾಗಾಗಿ ಅದು ಗೆಸ್." ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ನಾನು ಹೋಗಲ್ಲ. ನಿಮ್ಮನ್ನ ಮದುವೆ ಆಗೋಕೆ ಕೇಳೋಣ ಅಂತ ಬಂದೆ."

ಅವನ ಕೈ ನಿಂತಿತು. "ಮಾಡಿದ್ದಕ್ಕೆ ಪರಿಹಾರ ಅಂತಲಾ?"

"ಅದೂ ಇದೆ. ಇಲ್ಲ ಅಂದ್ರೆ ಸುಳ್ಳಾಗುತ್ತೆ. ಆದ್ರೆ ಆ ಕವರ್ ತರೋಕೆ ಮುಂಚೆನೇ ದಿನಾ ನಿಮ್ಮ ಹಾರ್ನ್ ಕಾಯ್ತಿದ್ದೆ."

ಅವನು ಮುಖ ಬೇರೆ ಕಡೆ ತಿರುಗಿಸಿದ. "ನಮ್ಮ ದೊಡ್ಡಪ್ಪ ನಲವತ್ತಕ್ಕೆ ಗೋಡೆ ಹಿಡ್ಕೊಂಡು ನಡೀತಿದ್ರು. ನಂಗೆ ಅಷ್ಟು ದಿನಾನೂ ಇಲ್ಲ. ಮಕ್ಕಳಿಗೂ ಬರ್ಬಹುದಂತೆ. ನೀವು ಇಲ್ಲಿಗೆ ಬರ್ಬೇಡಿ ಟೀಚರ್. ಬಂದ್ರೆ ನಂಗೆ ಬೇಡ ಅನ್ನೋಕಾಗಲ್ಲ."

ಅವಳು ಹೋದಳು. ಮುಂದಿನ ಭಾನುವಾರ ಮತ್ತೆ ಬಂದಳು. ಮಳೆಗಾಲವಿಡೀ ಭಾನುವಾರಗಳಂದು ಬರುತ್ತಿದ್ದಳು. ಒಮ್ಮೊಮ್ಮೆ ಅವನು ಮಾತೇ ಆಡುತ್ತಿರಲಿಲ್ಲ. ಒಮ್ಮೊಮ್ಮೆ ಪೇಪರ್ ಓದಿಸಿಕೊಳ್ಳುತ್ತಿದ್ದ. ದೀಪಾವಳಿಯ ಹೊತ್ತಿಗೆ ದ್ಯಾವಮ್ಮ ಮುಖದ ಗಂಟು ಬಿಚ್ಚಿ, ಅವಳು ಬರುವ ಮೊದಲೇ ಅವಳಿಗೂ ಒಂದು ಲೋಟ ಕಾಫಿ ತೆಗೆದಿಡತೊಡಗಿದ್ದಳು. ಅದೇ ತಿಂಗಳು ಮನೆಯ ಮೆಟ್ಟಿಲು ಕಾಣದೆ ದಿಲೀಪ ಬಿದ್ದ. ಅವಳು ಎತ್ತಲು ಹೋದಾಗ ಅವಳ ಮುಂಗೈ ಹಿಡಿದವನು ಎದ್ದ ಮೇಲೂ ಬಿಡಲಿಲ್ಲ. "ಆಯ್ತು" ಎಂದ. ಅಷ್ಟೇ.

ಮದುವೆ ಮೂಡಿಗೆರೆಯಲ್ಲಿ ರಿಜಿಸ್ಟರ್ ಆಯಿತು. ಅಪ್ಪ ಕೃಷ್ಣಯ್ಯನವರು ಬರಲಿಲ್ಲ. "ನಿನ್ನ ಜಾತಕದಲ್ಲಿ ಇದನ್ನ ನಾನು ಕಂಡಿರ್ಲಿಲ್ಲ" ಎಂದು ಒಂದು ಕಾರ್ಡು ಬರೆದಿದ್ದರು. ಸಾಕ್ಷಿಗೆ ಭಾಗಮ್ಮ ಕೋಲೂರಿಕೊಂಡು ಬಂದಳು. ಹೆಬ್ಬೆಟ್ಟೊತ್ತಿ, ಇಬ್ಬರನ್ನೂ ನೋಡಿ, "ಇನ್ನಾದ್ರೂ ಒಬ್ಬರಿಗೊಬ್ಬರು ನಿಜ ಹೇಳ್ಕೊಳ್ಳಿ" ಎಂದಳು.

ಸಂಜೆ ಬಸ್ಸು ಅವರಿಬ್ಬರನ್ನೂ ಬಾಳೂರಿನ ಕ್ರಾಸಿನಲ್ಲಿ ಇಳಿಸಿತು. ಬೆಳಕು ಕುಂದುತ್ತಿತ್ತು. ಅವಳಿಗಿನ್ನೂ ಎಲ್ಲವೂ ಕಾಣುತ್ತಿತ್ತು, ಅವನಿಗೆ ಆಗಲೇ ಏನೂ ಕಾಣುತ್ತಿರಲಿಲ್ಲ. ಕ್ಷಣ ಅನುಮಾನಿಸಿ ಅವನು ಅವಳ ಹೆಗಲ ಮೇಲೆ ಕೈಯಿಟ್ಟ. ಹೋಟೆಲಿನ ಬೆಂಚಿನ ಮೇಲಿದ್ದವರ ಮಾತು ನಿಂತುಹೋಯಿತು.

"ಯಾರಾದ್ರೂ ನೋಡ್ತಿದಾರಾ?" ಎಂದು ಮೆಲ್ಲಗೆ ಕೇಳಿದ.

"ಎಲ್ಲರೂ ನೋಡ್ತಿದಾರೆ."

"ಕೈ ತೆಗೀಲಾ?"

"ಬೇಡ" ಎಂದಳು. "ಮುಂದೆ ಏರು ಇದೆ. ಹಿಡ್ಕೊಳ್ಳಿ."